ದೆವ್ವದ ಪ್ರೇಮಕಥೆ ಬರೆಯುತ್ತಿದ್ದೇನೆ. ಕೊನೆಗೆ ಅವನು ಬದುಕಬೇಕಾ, ಹೋಗಬೇಕಾ?

ಓಣಿಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಏಳು ತಿಂಗಳಿಂದ ಒಂದು ಕಥೆಯನ್ನು ಕಂತು ಕಂತಾಗಿ ಆ್ಯಪ್ ಒಂದರಲ್ಲಿ ಹಾಕುತ್ತಿದ್ದೇನೆ. ಪ್ಯಾರಾನಾರ್ಮಲ್ ರೊಮ್ಯಾನ್ಸ್ ಅಂತಾರಲ್ಲ, ಆ ಜಾತಿಯದ್ದು. ದೆವ್ವ ಇದೆ, ಶಾಪ ಇದೆ, ಆದರೆ ಹೆದರಿಸುವುದಕ್ಕೆ ಬರೆದದ್ದಲ್ಲ. 34 ಕಂತು ಆಗಿದೆ. ಇನ್ನು ನಾಲ್ಕೋ ಐದೋ ಉಳಿದಿರಬೇಕು. ಅಲ್ಲಿಗೆ ಬಂದು ಕೈ ನಿಂತುಬಿಟ್ಟಿದೆ, ಮೂರು ವಾರದಿಂದ ಒಂದು ಸಾಲೂ ಬರೆದಿಲ್ಲ.

ಕಥೆ ಇಷ್ಟು. ಬಳೇಪೇಟೆಯ ಒಂದು ಓಣಿಯಲ್ಲಿ ಹಳೇ ಮನೆ. ಕೆಡವಿ ಕಾಂಪ್ಲೆಕ್ಸ್ ಕಟ್ಟುವುದಕ್ಕೆ ಮಾರಾಟ ಆಗಿದೆ. ಅಳತೆ ತೆಗೆಯಲು ಬರುವ ಸಿವಿಲ್ ಎಂಜಿನಿಯರ್ ವಾಸಂತಿ. ಮೊದಲ ದಿನವೇ ಹೊಸ್ತಿಲ ಸಂದಿಯಲ್ಲಿ ಟೇಪು ಹಿಡಿಯುವಾಗ ಹಸಿರು ಗಾಜಿನ ಚೂರು ತಾಗಿ ಬೆರಳು ಕುಯ್ಯುತ್ತದೆ, ರಕ್ತ ಹೊಸ್ತಿಲಿಗೆ ಬೀಳುತ್ತದೆ, ಅವತ್ತಿನಿಂದ ಅವಳಿಗೆ ನಂಜುಂಡ ಕಾಣಲು ಶುರು. ನಂಜುಂಡ ಬಳೆ ವ್ಯಾಪಾರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಅವನಿಗೆ 26 ವರ್ಷ, ಮದುವೆಯಾಗಿ ಎರಡು ವರ್ಷ. ಹೆಂಡತಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ಇವನು ಹೆದರಿ ಹೊರಗಿನಿಂದ ಬೀಗ ಹಾಕಿ ಊರಾಚೆಗೆ ಓಡಿದ. ಅವಳು ಒಳಗೇ ಸತ್ತಳು. ಅವಳ ತಾಯಿ ಬೀದಿಯಲ್ಲಿ ಮಣ್ಣು ತೂರಿ ಶಾಪ ಹಾಕಿದಳು: "ನೀನು ಹಾಕಿದ ಬೀಗ ನಿನಗೇ ಬೀಳಲಿ, ಆ ಹೊಸ್ತಿಲು ನಿನ್ನನ್ನು ದಾಟಿಸದೆ ಹೋಗಲಿ." ಹನ್ನೆರಡನೇ ದಿನ ಇವನಿಗೂ ಪ್ಲೇಗ್. ಮನೆಗೆ ಬಂದು ಅಲ್ಲೇ ಸತ್ತ. ಭೂತವಾಗಿ ಅಲ್ಲೇ ಇದ್ದಾನೆ. ಮುಸ್ಸಂಜೆ ದೀಪ ಹಚ್ಚಿದ ಮೇಲೆ ವಾಸಂತಿಗೆ ಕಾಣುತ್ತಾನೆ, ಮಾತಾಡುತ್ತಾನೆ. ಮುಟ್ಟುವುದಕ್ಕೆ ಆಗುವುದಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ತುಂಬ ಹಚ್ಚಿಕೊಂಡಿದ್ದಾರೆ. ಮನೆ ಕೆಡವುವ ದಿನ ಹತ್ತಿರ ಬಂದಿದೆ.

ಈಗ ನನ್ನ ಕಷ್ಟ. ಓದುಗರು ಪ್ರತಿ ಕಂತಿನ ಕೆಳಗೂ "ಅವನನ್ನು ಬದುಕಿಸಿ" ಅಂತ ಬರೆಯುತ್ತಾರೆ. ನಾನು ಓದಿದ ಇಂಗ್ಲಿಷ್ ಕಾದಂಬರಿಗಳಲ್ಲೂ ಜಾಸ್ತಿ ಹಾಗೇ ಆಗುತ್ತದೆ. ಪ್ರೀತಿ ಹುಟ್ಟಿತು, ಶಾಪ ಮುರಿಯಿತು, ದೆವ್ವಕ್ಕೆ ಮೈ ಬಂತು. ಓದುವಾಗ ನನಗೆ ಅದು ತುಂಬ ಇಷ್ಟ. ಆದರೆ ನನ್ನ ಕಥೆಯಲ್ಲಿ ಹಾಗೆ ಬರೆದು ನೋಡಿದೆ, ಎರಡು ಸಲ, ಎರಡೂ ಸಲ ಸುಳ್ಳು ಅನ್ನಿಸಿತು. ಒಬ್ಬಳನ್ನು ಸಾಯಲು ಬಿಟ್ಟವನು ಇನ್ನೊಬ್ಬಳನ್ನು ಪ್ರೀತಿಸಿದ ಮಾತ್ರಕ್ಕೆ ಅವನ ತಪ್ಪು ಹೇಗೆ ತೊಳೆದುಹೋಗುತ್ತದೆ? ಹಾಗಂತ ಅವನನ್ನು ಸುಮ್ನೆ ಬೆಳಕಿನಲ್ಲಿ ಕರಗಿಸಿಬಿಟ್ಟರೆ ವಾಸಂತಿಗೆ ಏನು ಉಳಿಯಿತು?

ಇಂಥ ಕಥೆಗಳನ್ನು ಓದುವವರು, ಬರೆಯುವವರು, ಯಾರಾದರೂ ಸರಿ, ನಿಮಗೆ ಅನ್ನಿಸಿದ್ದು ಹೇಳಿ. ಬೈದರೂ ಪರವಾಗಿಲ್ಲ.

ಹಸಿರುಲೈನ್ ಓದುಗಿ

ಬದುಕಿಸಿ ರೀ. ನನ್ನ ಉತ್ತರ ಒಂದೇ.

ನಾನು ಯಲಚೇನಹಳ್ಳಿಯಲ್ಲಿ ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿಯುತ್ತೇನೆ. ಹೋಗುವಾಗ ಒಂದು ಕಂತು, ಬರುವಾಗ ಒಂದು ಕಂತು. ನಿಮ್ಮದೂ ಓದುತ್ತಿದ್ದೇನೆ, ಹೆಸರು ಹೇಳದಿದ್ದರೂ ಗೊತ್ತಾಯಿತು. ನಂಜುಂಡ ವಾಸಂತಿಯ ಕೈ ನೋಡಿ ಅವಳ ಬಳೆಯ ಅಳತೆ ಹೇಳುತ್ತಾನಲ್ಲ, ಮುಟ್ಟದೆಯೇ, ಆ ಕಂತು ಓದಿ ನಾನು ಸ್ಟೇಷನ್ ದಾಟಿ ಹೋಗಿದ್ದೆ.

ಪ್ರೇಮಕಥೆ ಅಂದಮೇಲೆ ಅದು ಓದುಗರಿಗೆ ಕೊಟ್ಟ ಮಾತು. ಅಮೆರಿಕದ ಪ್ರಣಯ ಕಾದಂಬರಿಕಾರರ ಸಂಘ ಇಂಥ ಕಾದಂಬರಿಗೆ ಎರಡೇ ಲಕ್ಷಣ ಹೇಳುತ್ತಿತ್ತು. ಕಥೆಯ ನಟ್ಟನಡುವೆ ಪ್ರೇಮ ಇರಬೇಕು. ಕೊನೆ ಮನಸ್ಸಿಗೆ ತೃಪ್ತಿ ಕೊಡಬೇಕು, ಭರವಸೆ ಇಟ್ಟುಕೊಂಡು ಮುಗಿಯಬೇಕು. ರಕ್ತಪಿಶಾಚಿ ಇರಲಿ, ತೋಳವಾಗುವ ಗಂಡಸು ಇರಲಿ, ದೆವ್ವ ಇರಲಿ, ಈ ಎರಡನ್ನು ಬಿಟ್ಟರೆ ಅದು ಬೇರೆ ಜಾತಿಯ ಪುಸ್ತಕ. ಅಳಿಸುವುದೇ ನಿಮ್ಮ ಆಸೆಯಾಗಿದ್ದರೆ ಮೊದಲನೇ ಕಂತಿನಲ್ಲೇ ಹೇಳಬೇಕಿತ್ತು.

ಇನ್ನೊಂದು ಮಾತು. ದೆವ್ವವನ್ನು ನಾಯಕನಾಗಿ ಇಟ್ಟುಕೊಳ್ಳುವುದು ಈ ಜಾತಿಯಲ್ಲೇ ಕಷ್ಟದ ಕೆಲಸ. ರಕ್ತಪಿಶಾಚಿಗೆ ಮೈ ಇರುತ್ತದೆ, ಕೈ ಹಿಡಿಯಬಹುದು. ದೆವ್ವಕ್ಕೆ ಅದಿಲ್ಲ. ಅದಕ್ಕೇ ಬರೆಯುವವರು ಏನಾದರೂ ಒಂದು ದಾರಿ ಇಟ್ಟಿರುತ್ತಾರೆ, ವರ್ಷಕ್ಕೊಂದು ರಾತ್ರಿ ಮೈ ಬರುತ್ತದೆ ಅಂತಲೋ, ಕನಸಿನಲ್ಲಿ ಮುಟ್ಟಬಹುದು ಅಂತಲೋ. ಯಾವುದಾದರೂ ನಡೆಯುತ್ತದೆ, ಮೊದಲೇ ಹೇಳಿರಬೇಕು ಅಷ್ಟೇ. 34 ಕಂತು ಮುಟ್ಟಲಾಗದು ಅಂತ ಹೇಳಿ 38ರಲ್ಲಿ ಏಕಾಏಕಿ ಮೈ ಬಂದರೆ ನಿಮಗೆ ಸುಳ್ಳು ಅನ್ನಿಸಿದ್ದು ಅದಕ್ಕೇ ಇರಬಹುದು. ಹಿಂದೆ ಹೋಗಿ ಒಂದು ದಾರಿ ಇಟ್ಟು ಬನ್ನಿ, ಕಂತು ತಿದ್ದುವುದಕ್ಕೆ ಆಗುತ್ತದಲ್ಲ.

ಸ್ವಂತ ಮಾತು ಒಂದು ಹೇಳುತ್ತೇನೆ. ನನ್ನ ಯಜಮಾನರು ಹೋಗಿ ಆರು ವರ್ಷವಾಯಿತು. ಅವರು ವಾಪಸ್ ಬರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು, ಅದನ್ನು ಕಥೆ ಬರೆಯುವವರು ನನಗೆ ಹೇಳಿಕೊಡಬೇಕಾಗಿಲ್ಲ. ಯಾರೋ ಒಬ್ಬರು ಬರುತ್ತಾರೆ, ಎಲ್ಲೋ ಒಂದು ಕಡೆ ಬಾಗಿಲು ತೆರೆದುಕೊಳ್ಳುತ್ತದೆ ಎಂಬುದನ್ನು ಓದುವುದಕ್ಕೇ ನಾನು ಇಂಥ ಪುಸ್ತಕ ಹಿಡಿಯುವುದು. ಅದನ್ನು ಕೀಳು ಅಂತ ತಿಳಿಯಬೇಡಿ.

ಹಳಗನ್ನಡ ಮೇಷ್ಟ್ರು

ಹಸಿರುಲೈನ್ ಅವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅವರು ಹೇಳಿದ್ದು ಕೀಳಲ್ಲ, ಖಂಡಿತ ಅಲ್ಲ. ಈ ಆಸೆ ನಮ್ಮ ಭಾಷೆಯಲ್ಲಿ ಎಷ್ಟು ಹಳೆಯದು ಅಂದರೆ, ಕಾದಂಬರಿ ಎಂಬ ಪದವೇ ಅದರಿಂದ ಬಂದದ್ದು.

ನಾನು 31 ವರ್ಷ ಕನ್ನಡ ಪಾಠ ಮಾಡಿದವನು, ಈಗ ವಿಜಯನಗರದಲ್ಲಿ ಮನೆಯಲ್ಲೇ ಇದ್ದೇನೆ. ನಾವು ಕನ್ನಡದವರು ಮತ್ತು ಮರಾಠಿಯವರು ನಾವೆಲ್ಲಿಗೆ ಕಾದಂಬರಿ ಅನ್ನುತ್ತೇವೆ. ಏಳನೇ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣ ಬರೆದ ಗದ್ಯಕಾವ್ಯದ ನಾಯಕಿಯ ಹೆಸರು ಅದು. ಬಾಣ ಅದನ್ನು ಮುಗಿಸದೆ ಹೋದ, ಮಗ ಮುಗಿಸಿದ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ಒಂದನೇ ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ಅದರ ಕಥೆ ಏನು ಗೊತ್ತೇ? ಪುಂಡರೀಕ ಎಂಬ ಋಷಿಕುಮಾರ ಮಹಾಶ್ವೇತೆಯನ್ನು ಪ್ರೀತಿಸಿ ವಿರಹದಲ್ಲಿ ಸಾಯುತ್ತಾನೆ. ಸಾಯುವಾಗ ಚಂದ್ರನನ್ನು ಶಪಿಸುತ್ತಾನೆ, ಚಂದ್ರ ಮರುಶಾಪ ಕೊಡುತ್ತಾನೆ, ಇಬ್ಬರೂ ಭೂಮಿಯಲ್ಲಿ ಹುಟ್ಟಿ ಪ್ರೀತಿಯ ಸಂಕಟ ಪಡಬೇಕಾಗುತ್ತದೆ. ಮಹಾಶ್ವೇತೆ ಅಚ್ಛೋದ ಸರೋವರದ ದಡದಲ್ಲಿ ಕಾಯುತ್ತಾಳೆ. ಕಾದಂಬರಿ ತನ್ನ ಪ್ರಿಯ ಚಂದ್ರಾಪೀಡನ, ಅಂದರೆ ಭೂಮಿಯಲ್ಲಿ ಹುಟ್ಟಿದ ಆ ಚಂದ್ರನ ಹೆಣವನ್ನು, ಕೊಳೆಯದ ಹೆಣವನ್ನು, ದಿನಾ ಪೂಜಿಸಿ ಕಾಯುತ್ತಾಳೆ. ಕೊನೆಗೆ ಅವಳು ತಬ್ಬಿದಾಗ ಅವನು ಏಳುತ್ತಾನೆ. ನಿಮ್ಮ ಓದುಗರು ಕೇಳುತ್ತಿರುವುದು ಇದನ್ನೇ ಅಮ್ಮಾ. ಅವರನ್ನು ದೂರಬೇಡಿ.

ಆದರೆ ಅದರಲ್ಲೇ ಒಂದು ಗಂಟು ಇದೆ. ಪುಂಡರೀಕ ಇನ್ನೊಂದು ಜನ್ಮ ಎತ್ತಿ ಮಹಾಶ್ವೇತೆಯ ಎದುರಿಗೇ ಬಂದು ನಿಲ್ಲುತ್ತಾನೆ. ಅವಳಿಗೆ ಗುರುತು ಸಿಗುವುದಿಲ್ಲ. ಕಾಡುತ್ತಾನೆ ಅಂತ ಕೋಪ ಬಂದು ಗಿಳಿಯಾಗು ಅಂತ ಶಪಿಸುತ್ತಾಳೆ. ಯಾರಿಗಾಗಿ ಕಾದಿದ್ದಳೋ ಅವನಿಗೇ ಶಾಪ ಕೊಟ್ಟಳು. ಶಾಪ ಎಂಬುದು ಕಥೆಗೆ ಹೊರಗಿನಿಂದ ಬಂದು ಬೀಳುವ ಕಲ್ಲಲ್ಲ, ಮನುಷ್ಯರ ಸ್ವಂತ ದುಡುಕಿನಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ನಿಮ್ಮ ನಂಜುಂಡನ ತಪ್ಪಿನ ವಿಷಯ. ಶಕುಂತಲೆಯ ಕಥೆ ನೋಡಿ. ಮಹಾಭಾರತದಲ್ಲಿ ದುರ್ವಾಸರ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನಿಗೆ ಎಲ್ಲ ನೆನಪಿದೆ. ತುಂಬಿದ ಸಭೆಯಲ್ಲಿ ನೀನು ಯಾರೋ ಗೊತ್ತಿಲ್ಲ ಅನ್ನುತ್ತಾನೆ, ಆಕಾಶವಾಣಿ ಆದಮೇಲೆ ಒಪ್ಪಿಕೊಳ್ಳುತ್ತಾನೆ. ಶಾಪವನ್ನೂ ಉಂಗುರವನ್ನೂ ತಂದವನು ಕಾಳಿದಾಸ. ತಂದದ್ದರಿಂದ ದುಷ್ಯಂತ ಬಚಾವಾದ, ಮರೆತದ್ದು ಅವನ ತಪ್ಪಲ್ಲ, ಶಾಪದ ತಪ್ಪು ಅಂತಾಯಿತು. ಕಾವ್ಯ ಚೆಲುವಾಯಿತು, ನಿಜ. ಆದರೆ ಶಕುಂತಲೆ ಸಭೆಯಲ್ಲಿ ಪಟ್ಟ ಅವಮಾನಕ್ಕೆ ಉತ್ತರ ಕೊಡಬೇಕಾದವರು ಯಾರೂ ಉಳಿಯಲಿಲ್ಲ. ನಿಮ್ಮ ಕಥೆಯಲ್ಲಿ ತಪ್ಪು ಮೊದಲು, ಶಾಪ ಆಮೇಲೆ. ಅದು ಸರಿಯಾಗಿದೆ. ಅದನ್ನು ತಿರುಗಿಸಬೇಡಿ. ಅವನು ಏನೋ ಮಂಕು ಕವಿದು ಬೀಗ ಹಾಕಿದ ಅಂತ ಮಾತ್ರ ಬರೆಯಬೇಡಿ.

ಶಾಪ ಬಿಡಿಸುವುದಕ್ಕೆ ನಮ್ಮಲ್ಲಿ ಒಂದು ಪದ ಇದೆ, ಉಶ್ಶಾಪ. ಶಪಿಸಿದವರು ಸಿಟ್ಟು ಇಳಿದ ಮೇಲೆ, ಇಂಥದ್ದಾದಾಗ ಇದು ಕಳೆಯುತ್ತದೆ ಎಂದು ತಾವೇ ಮಿತಿ ಹಾಕುವುದು. ದಾರಿಯಲ್ಲಿ ಹೋಗುವವರು ಪ್ರೀತಿಯಿಂದ ಬಿಡಿಸುವುದಲ್ಲ. ನಿಮ್ಮ ಕಥೆಯಲ್ಲಿ ಶಪಿಸಿದ ತಾಯಿ ಉಶ್ಶಾಪ ಕೊಡದೆಯೇ ಸತ್ತಿದ್ದಾಳೆ. ಹಾಗಾದರೆ ಕೊಡುವ ಹಕ್ಕು ಈಗ ಯಾರದು? ವಾಸಂತಿಯದ್ದಂತೂ ಅಲ್ಲ ಅಂತ ನನಗೆ ತೋರುತ್ತದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ, ಇದು ನನಗೆ ತುಂಬ ಪ್ರಿಯವಾದದ್ದು. ಪಂಪನ ಆದಿಪುರಾಣ, 941ನೇ ಇಸವಿಯದ್ದು. ಅದರಲ್ಲಿ ಶ್ರೀಮತಿ, ವಜ್ರಜಂಘ ಅಂತ ಗಂಡ ಹೆಂಡತಿ. ಹಿಂದಿನ ಜನ್ಮದಲ್ಲೂ ಪ್ರೇಮಿಗಳು. ಶ್ರೀಮತಿಗೆ ಆ ಜನ್ಮ ನೆನಪಾಗಿ ಮೂರ್ಛೆ ಹೋಗುತ್ತಾಳೆ, ಆಮೇಲೆ ಚಿತ್ರ ಬರೆಯುತ್ತಾಳೆ, ದಾದಿ ಆ ಚಿತ್ರವನ್ನು ಬಸದಿಯಲ್ಲಿ ಇಡುತ್ತಾಳೆ, ಅದನ್ನು ನೋಡಿ ವಜ್ರಜಂಘನಿಗೂ ನೆನಪಾಗುತ್ತದೆ. ಮದುವೆಯಾಗಿ ಸುಖವಾಗಿದ್ದು, ಒಂದು ರಾತ್ರಿ ಮುಚ್ಚಿದ ಕೋಣೆಯಲ್ಲಿ ಧೂಪದ ಹೊಗೆ ತುಂಬಿ ಒಬ್ಬರ ತೋಳಲ್ಲಿ ಒಬ್ಬರು ಸಾಯುತ್ತಾರೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಎಷ್ಟೋ ಜನ್ಮದ ಮೇಲೆ ವಜ್ರಜಂಘನ ಜೀವ ಜೈನರ ಮೊದಲ ತೀರ್ಥಂಕರ ಆದಿನಾಥನಾಗಿ ಹುಟ್ಟುತ್ತದೆ, ಎಲ್ಲ ಬಿಟ್ಟು ತಪಸ್ಸಿಗೆ ಹೋಗುತ್ತದೆ. ಭಿಕ್ಷೆ ಹೇಗೆ ಕೊಡಬೇಕು ಅಂತ ಜನಕ್ಕೆ ತಿಳಿಯದೆ ತಿಂಗಳುಗಟ್ಟಲೆ ಆಹಾರ ಸಿಗುವುದಿಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ಎಂಬ ರಾಜಕುಮಾರನಿಗೆ ಥಟ್ಟನೆ ಹಿಂದಿನ ಜನ್ಮ ನೆನಪಾಗಿ ಬೊಗಸೆಗೆ ಕಬ್ಬಿನ ಹಾಲು ಹೊಯ್ಯುತ್ತಾನೆ. ಆ ಶ್ರೇಯಾಂಸನೇ ಶ್ರೀಮತಿಯ ಜೀವ. ಅವಳು ಇಲ್ಲಿ ಹೆಂಡತಿಯೂ ಅಲ್ಲ, ಹೆಂಗಸೂ ಅಲ್ಲ. ಪ್ರೀತಿ ಒಂದು ಬೊಗಸೆ ಕಬ್ಬಿನ ಹಾಲಾಗಿದೆ. ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿ ವರ್ಷ ನನಗೆ ಗಂಟಲು ಕಟ್ಟುತ್ತಿತ್ತು.

ಬದುಕಿಸುವುದು, ಕರಗಿಸುವುದು, ಇವೆರಡೇ ದಾರಿ ಅಂತ ತಿಳಿಯಬೇಡಿ ಅನ್ನುವುದಕ್ಕೆ ಇಷ್ಟು ಹೇಳಿದೆ.

ಪುತ್ತೂರಿನವ

ಮೇಡಂ, ಮೊದಲು ಒಂದು ಸಣ್ಣ ತಿದ್ದುಪಡಿ. ನಂಜುಂಡ ಭೂತವಾಗಿ ಇದ್ದಾನೆ ಅಂತ ಬರೆದಿದ್ದೀರಿ. ನಮ್ಮ ಊರಿನವರು ಓದಿದರೆ ಗಲಿಬಿಲಿ ಆಗುತ್ತದೆ. ನಮ್ಮಲ್ಲಿ ಭೂತ ಅಂದರೆ ದೈವ, ಕೋಲ ಕೊಟ್ಟು ನಂಬುವುದು. ಸತ್ತು ಮನೆ ಸುತ್ತ ಉಳಿದ ಜೀವಕ್ಕೆ ತುಳುವಿನಲ್ಲಿ ಕುಲೆ ಅನ್ನುತ್ತೇವೆ.

ಎರಡನೆಯದು ದೊಡ್ಡದು. ನಮ್ಮ ಕಡೆ ಕುಲೆ ಮದಿಮೆ ಅಂತ ಇದೆ, ಪ್ರೇತಗಳ ಮದುವೆ. ಮದುವೆಯಾಗದೆ ತೀರಿಹೋದವರಿಗೆ ಆಸೆ ಉಳಿದಿರುತ್ತದೆ ಅಂತ ನಂಬಿಕೆ. ಮನೆಯಲ್ಲಿ ಒಂದರ ಮೇಲೊಂದು ತೊಂದರೆ ಬಂದರೆ, ಬದುಕಿರುವ ಮಕ್ಕಳ ಮದುವೆ ಮುಂದೆ ಮುಂದೆ ಹೋದರೆ, ಪ್ರಶ್ನೆ ಇಟ್ಟು ನೋಡುತ್ತಾರೆ. ಆಮೇಲೆ ಆಟಿ ತಿಂಗಳಿನಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಅದೇ ಜಾತಿಯ ಬೇರೆ ಬರಿಯ (ಬರಿ ಅಂದರೆ ಗೋತ್ರದ ಹಾಗೆ) ಇನ್ನೊಂದು ಮನೆಯಲ್ಲಿ ತೀರಿಹೋದವರನ್ನು ಹುಡುಕಿ ಸಂಬಂಧ ಮಾಡುತ್ತಾರೆ. 2024ರಲ್ಲಿ ನಮ್ಮ ಪುತ್ತೂರು ಕಡೆಯ ಒಂದು ಕುಟುಂಬ, 30 ವರ್ಷದ ಹಿಂದೆ ತೀರಿಹೋದ ಮಗಳಿಗೆ ಪ್ರೇತ ವರ ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ಎಲ್ಲ ಕಡೆ ಸುದ್ದಿಯಾಯಿತು. ಬೆಂಗಳೂರಿನ ನನ್ನ ರೂಮ್‌ಮೇಟ್‌ಗಳು ಅದನ್ನು ತಮಾಷೆ ಮಾಡಿದರು. ನನಗೆ ಬೇಜಾರಾಯಿತು.

ಯಾಕೆಂದರೆ ನಾನು ಒಂದು ನೋಡಿದ್ದೇನೆ. ನನ್ನ ದೊಡ್ಡಪ್ಪನ ಮಗಳು ಒಂಬತ್ತು ತಿಂಗಳ ಮಗುವಾಗಿದ್ದಾಗ ಹೋದವಳು. 22 ವರ್ಷ ಆದಮೇಲೆ ಅವಳಿಗೆ ಮದುವೆ ಮಾಡಿದರು. ಎರಡು ಕುರ್ಚಿ ಇಟ್ಟು, ಒಂದಕ್ಕೆ ಸೀರೆ ರವಿಕೆ, ಒಂದಕ್ಕೆ ಪಂಚೆ ಶರ್ಟು. ಧಾರೆಯ ಸೀರೆಗೆ ದೊಡ್ಡಮ್ಮ ಮೂರು ಅಂಗಡಿ ಸುತ್ತಿದ್ದರು. ಮದುಮಗಳು ಸೀರೆ ಉಟ್ಟುಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬಿಡಬೇಕು ಅಂತ ಹಿರಿಯರು ಹೇಳಿದರು, ಎಲ್ಲರೂ ಸುಮ್ಮನೆ ಕಾದೆವು. ಆಮೇಲೆ ಬಾಳೆ ಎಲೆ ಹಾಕಿ ಮೊದಲು ಅವರಿಬ್ಬರಿಗೆ ಬಡಿಸಿದರು. ಮಗುವಾಗಿದ್ದಾಗ ಹೋದವಳು ಆ ಮನೆಯ ಲೆಕ್ಕದಲ್ಲಿ 22 ವರ್ಷದ ಹುಡುಗಿಯಾಗಿ ಬೆಳೆದಿದ್ದಳು. ದೊಡ್ಡಮ್ಮ ಅವತ್ತು ಅತ್ತದ್ದು ಮಗಳನ್ನು ಕಳಿಸಿಕೊಡುವ ತಾಯಿ ಅಳುವ ಹಾಗೆಯೇ ಇತ್ತು. ನಾನು ನಂಬುತ್ತೇನೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಆ ಹೊತ್ತಿನಲ್ಲಿ ಹೆಸರು ಹಿಡಿದು ಕರೆಯುತ್ತಾರೆ ಮೇಡಂ. ಒಂಬತ್ತು ತಿಂಗಳು ಬದುಕಿದ ಮಗುವಿನ ಹೆಸರು, 22 ವರ್ಷದ ಮೇಲೆ, ತುಂಬಿದ ಅಂಗಳದಲ್ಲಿ.

ಅದಕ್ಕೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಂಜುಂಡನ ಹೆಸರಿದೆ, ವಾಸಂತಿಯ ಹೆಸರಿದೆ. ಒಳಗೆ ಸತ್ತವಳ ಹೆಸರು ಏನು?

ಪೇಟೆ ಸುತ್ತೋನು

ಪುತ್ತೂರಿನವರ ಪ್ರಶ್ನೆಗೆ ನಾನೂ ಕಾಯುತ್ತಿದ್ದೇನೆ.

ಅಷ್ಟರಲ್ಲಿ ಪ್ಲೇಗಿನ ಬಗ್ಗೆ ನಾಲ್ಕು ಮಾತು. ಭಾನುವಾರ ಬೆಳಗ್ಗೆ ಪೇಟೆಯ ಓಣಿಗಳಲ್ಲಿ ಸುತ್ತುವುದು ನನ್ನ ಹಳೇ ಅಭ್ಯಾಸ, ಅದರ ಜೊತೆಗೆ ಓದಿಕೊಂಡದ್ದು ಇಷ್ಟು. ಮುಂಬಯಿಯಲ್ಲಿ 1896ರಲ್ಲಿ ಶುರುವಾದ ಪ್ಲೇಗ್ ಬೆಂಗಳೂರಿಗೆ ಬಂದದ್ದು 1898ರ ಆಗಸ್ಟ್‌ನಲ್ಲಿ, ರೈಲಿನ ದಾರಿಯಲ್ಲಿ. ಮನೆಯಲ್ಲಿ ಇಲಿ ಬಿತ್ತು ಅಂದರೆ ಸಾಕು, ಜನ ಪಾತ್ರೆ ಪಗಡ ಹೊತ್ತು ಊರ ಹೊರಗೆ ಶೆಡ್ಡು ಹಾಕಿಕೊಂಡು ಇರುತ್ತಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂಬುದು ಆಗ ಜನಕ್ಕೆ ಗೊತ್ತಿರಲಿಲ್ಲ. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೇ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರುವುದಕ್ಕೆ. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ.

ನಿಮ್ಮ ಕಥೆಗೆ ಬೇಕಾಗಬಹುದಾದ ಒಂದು ಸಂಗತಿ. ರೋಗ ಬಂದವರನ್ನು ಆಗ ಬಲವಂತವಾಗಿ ಬೇರೆ ಮಾಡುತ್ತಿದ್ದರು, ಮನೆಯವರನ್ನು ಕ್ಯಾಂಪಿಗೆ ಕಳಿಸುತ್ತಿದ್ದರು. ಜನಕ್ಕೆ ರೋಗಕ್ಕಿಂತ ಅದರ ಭಯ ಜಾಸ್ತಿ. ಶ್ರೀರಂಗಪಟ್ಟಣದ ಹತ್ತಿರ ಗಂಜಾಂನಲ್ಲಿ ಅದೇ ವರ್ಷ ಇದಕ್ಕಾಗಿ ಗಲಭೆಯೇ ಆಯಿತು. ಎಷ್ಟೋ ಮನೆಗಳಲ್ಲಿ ಕಾಯಿಲೆಯವರನ್ನು ಬಚ್ಚಿಟ್ಟರು. ಅಂದಮೇಲೆ ನಂಜುಂಡ ಬೀಗ ಹಾಕಿದ್ದು ಹೆಂಡತಿಯನ್ನು ಯಾರೂ ಎಳೆದುಕೊಂಡು ಹೋಗದಿರಲಿ ಅಂತಲೂ ಇರಬಹುದು ಅಲ್ವಾ? ನೀರಿಟ್ಟು, ಗಂಜಿಯಿಟ್ಟು, ರಾತ್ರಿ ಬರುತ್ತೇನೆ ಅಂತ ಹೇಳಿ ಬೀಗ ಹಾಕಿದ. ರಾತ್ರಿ ಬರಲಿಲ್ಲ. ಮರುದಿನವೂ ಬರಲಿಲ್ಲ, ಹೆದರಿಕೆ. ಮೇಷ್ಟ್ರು ಹೇಳಿದ ಹಾಗೆ ಇದು ನೆಪ ಆಗಬಾರದು, ಆಗುವುದೂ ಇಲ್ಲ ಅನ್ನಿಸುತ್ತದೆ. ಬೀಗ ಹಾಕಿದ್ದು ಪ್ರೀತಿ, ತೆಗೆಯದೆ ಇದ್ದದ್ದು ತಪ್ಪು. ಹೀಗಾದರೆ ತಪ್ಪು ಇನ್ನೂ ಭಾರವಾಗುತ್ತದೆ, ಯಾಕೆಂದರೆ ಅವಳು ಪ್ರತಿ ರಾತ್ರಿ ಕಾದಿರುತ್ತಾಳೆ.

ಶಾಪಕ್ಕೆ ಬರೋಣ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಅಲಮೇಲಮ್ಮನ ಶಾಪ ಗೊತ್ತಿಲ್ಲದವರು ಯಾರು. ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡದ್ದು 1610ರಲ್ಲಿ. ಅವಳು ಹೊಳೆಗೆ ಹಾರಿದ ಮೇಲೆ ಆ ಮನೆತನ ಏನು ಮಾಡಿತು? ಅವಳ ಮೂರ್ತಿ ಮಾಡಿಸಿ ಅರಮನೆಯಲ್ಲೇ ಇಟ್ಟು ಪೂಜೆ ಮಾಡಿತು. ಶಪಿಸಿದವಳನ್ನು ಮನೆಯೊಳಕ್ಕೆ ಕರೆದರು. ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಕೊನೆಯದಾಗಿ ಒಂದು ನೆನಪು. ನಾನು ರಾಜಾಜಿನಗರದಲ್ಲಿ ಬೆಳೆದವನು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಮನೆ ಬಾಗಿಲಲ್ಲಿ "ನಾಳೆ ಬಾ" ಅಂತ ಬರೆದಿದ್ದರು. ರಾತ್ರಿ ಒಂದು ಹೆಣ್ಣು ದೆವ್ವ ಬಾಗಿಲು ತಟ್ಟುತ್ತದೆ, ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಸತ್ತೆವು, ಬರೆದದ್ದನ್ನು ಓದಿದರೆ ನಾಳೆ ಬರೋಣ ಅಂತ ಹೋಗುತ್ತದೆ, ನಾಳೆಯೂ ಅದನ್ನೇ ಓದುತ್ತದೆ. ನಮ್ಮಜ್ಜಿ ಇದ್ದಿಲಿನಲ್ಲಿ ಬರೆದಿದ್ದರು, ಮಳೆಗೆ ಅಳಿಸಿದರೆ ಮತ್ತೆ ಬರೆಯುತ್ತಿದ್ದರು. ಒಂದೊಂದು ಕಡೆ ಒಂದೊಂದು ಥರ ಹೇಳುತ್ತಿದ್ದರು. ನಮ್ಮ ಬೀದಿಯಲ್ಲಿ ಹೇಳುತ್ತಿದ್ದದ್ದು, ಅದು ಮದುವಣಗಿತ್ತಿಯ ದೆವ್ವ, ಗಂಡನನ್ನು ಹುಡುಕಿಕೊಂಡು ಊರೆಲ್ಲ ಅಲೆಯುತ್ತದೆ ಅಂತ. ಆಗ ಹೆದರಿ ಕಂಬಳಿ ಹೊದ್ದು ಮಲಗುತ್ತಿದ್ದೆ. ಈಗ ನಿಮ್ಮ ಕಥೆ ಓದಿದ ಮೇಲೆ ನಿನ್ನೆ ರಾತ್ರಿ ಯೋಚನೆ ಬಂತು. ಗಂಡನನ್ನು ಹುಡುಕುವವಳಿಗೆ ಇಡೀ ಊರು ದಿನಾ ನಾಳೆ ಬಾ ಅಂತ ಬರೆದು ಕಳಿಸಿದೆವಲ್ಲ.

ನಂಜುಂಡ ಒಳಗಿದ್ದಾನೆ. ಹೊರಗೆ ತಟ್ಟುತ್ತಿರುವವಳು ಯಾರು ಅಂತ ಅವನಿಗೆ ಗೊತ್ತಾ?

ಓಣಿಮನೆ

ಎರಡು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಬರೆಯುವುದಕ್ಕೆ ಆಗಲಿಲ್ಲ.

ಪುತ್ತೂರಿನವರೇ, ಅವಳಿಗೆ ನಾನು ಹೆಸರು ಇಟ್ಟಿರಲೇ ಇಲ್ಲ. 34 ಕಂತುಗಳಲ್ಲಿ "ನಂಜುಂಡನ ಹೆಂಡತಿ", "ಆ ಹುಡುಗಿ", "ಸತ್ತವಳು" ಅಂತಲೇ ಬರೆದಿದ್ದೇನೆ. ನಿಮ್ಮ ಪ್ರಶ್ನೆ ಓದಿ ಎಲ್ಲ ಕಂತು ತೆರೆದು ಹುಡುಕಿದೆ, ಎಲ್ಲೂ ಇಲ್ಲ. ಅವಳು ಸತ್ತದ್ದು ಅವನ ಕಥೆ ಶುರುವಾಗುವುದಕ್ಕೆ ಬೇಕಿತ್ತು, ಅಷ್ಟಕ್ಕೇ ಇಟ್ಟುಕೊಂಡಿದ್ದೆ. ನಂಜುಂಡ ಒಂದು ಸಲ ಬೀಗ ಹಾಕಿದ, ನಾನು 34 ಸಲ. ಅದಕ್ಕೇ ಕೊನೆ ಹೇಗೆ ಬರೆದರೂ ಸುಳ್ಳಾಗುತ್ತಿತ್ತು ಅಂತ ಈಗ ಅನ್ನಿಸುತ್ತಿದೆ.

ಅವಳ ಹೆಸರು ಮುನಿಯಮ್ಮ. ನಮ್ಮ ಅಜ್ಜಿಯ ಅಜ್ಜಿಯ ಹೆಸರು. ಈ ಕಡೆಯ ಹಳೇ ಹೆಸರು. ವಯಸ್ಸು 18.

ಮೇಷ್ಟ್ರೇ, ಉಶ್ಶಾಪ ಎಂಬ ಪದ ನನಗೆ ಹೊಸದು. ತಾಯಿ ಮಗಳ ಪರವಾಗಿ ಶಪಿಸಿದಳು, ಬಿಡಿಸುವುದಾದರೆ ಆ ಮಗಳೇ ಬಿಡಿಸಬೇಕು. ವಾಸಂತಿಗೆ ಆ ಹಕ್ಕಿಲ್ಲ. ಅವಳು ಮಾಡಬಹುದಾದದ್ದು ಒಂದೇ, ನಂಜುಂಡನಿಗೆ ಆ ಹೆಸರನ್ನು ಹೇಳಿಸುವುದು. ಇಷ್ಟು ಕಂತು ಅವನು ವಾಸಂತಿಗೆ ಎಲ್ಲ ಹೇಳಿದ್ದಾನೆ, ಹೆಂಡತಿಯ ಹೆಸರು ಮಾತ್ರ ಹೇಳಿಲ್ಲ. ಅದು ನನ್ನ ಮರೆವು, ಈಗ ಅವನ ಮರೆವಾಗಿ ಬರೆಯುತ್ತೇನೆ. ಮರೆತದ್ದಕ್ಕೆ ಶಾಪವನ್ನು ಹೊಣೆ ಮಾಡುವುದಿಲ್ಲ, ಮಾತು ಕೊಡುತ್ತೇನೆ. ಹೇಳಲಾರದೆ ಹೇಳಲಾರದೆ ಮರೆತಿದ್ದಾನೆ.

ಪೇಟೆ ಸುತ್ತೋನು ಸರ್, ಮೈ ಜುಮ್ಮೆಂದಿತು. ಹತ್ತನೇ ಕಂತಿನಿಂದಲೂ ರಾತ್ರಿ ಬಾಗಿಲು ಸದ್ದಾಗುತ್ತದೆ ಅಂತ ಬರೆದಿದ್ದೇನೆ, ಸುಮ್ನೆ ವಾತಾವರಣಕ್ಕೆ. ನಂಜುಂಡ ಅದನ್ನು ಶಾಪದ ಸದ್ದು ಅಂದುಕೊಂಡಿದ್ದಾನೆ. ಇನ್ನು ಮುಂದೆ ಅದು ಅವಳು. ಬಾಗಿಲ ಮೇಲೆ ಹಿಂದಿನ ಬಾಡಿಗೆಯವರು ಬರೆದ "ನಾಳೆ ಬಾ" ಅರ್ಧ ಅಳಿಸಿ ಉಳಿದಿರುತ್ತದೆ. ಬೀಗ ಹಾಕಿ ಹೋಗುವ ಮುಂಚೆ ನೀರು, ಗಂಜಿ ಇಟ್ಟದ್ದನ್ನೂ ತೆಗೆದುಕೊಳ್ಳುತ್ತೇನೆ, ನಿಮ್ಮ ಅನುಮತಿ ಇದ್ದರೆ.

ಇನ್ನೊಂದು. ಆ ಹಸಿರು ಗಾಜಿನ ಚೂರು. ವಾಸಂತಿಯ ಬೆರಳು ಕುಯ್ಯುವುದಕ್ಕೆ ಏನಾದರೂ ಬೇಕಿತ್ತು ಅಂತ ಮೊದಲ ಕಂತಿನಲ್ಲಿ ಇಟ್ಟದ್ದು. ಹೊಸ್ತಿಲ ಒಳಬದಿಯ ಸಂದಿ ಅಂತ ನಾನೇ ಬರೆದಿದ್ದೇನೆ. ಬಳೆ ವ್ಯಾಪಾರಿಯ ಹೆಂಡತಿ, ಮುಚ್ಚಿದ ಬಾಗಿಲನ್ನು ಒಳಗಿನಿಂದ ತಟ್ಟಿದ್ದಾಳೆ. ಎಷ್ಟು ತಟ್ಟಿರಬೇಕು. ಇದನ್ನು ನಿನ್ನೆ ರಾತ್ರಿ ಬರೆದೆ, ಮೂರು ವಾರದ ಮೇಲೆ ಬರೆದ ಮೊದಲ ಪುಟ. ವಾಸಂತಿ ಆ ಚೂರುಗಳನ್ನು ಒಂದೊಂದಾಗಿ ಆರಿಸಿ ನೆಲದ ಮೇಲೆ ಜೋಡಿಸುತ್ತಾಳೆ, ನಂಜುಂಡ ನೋಡುತ್ತಾ ನಿಲ್ಲುತ್ತಾನೆ, ದುಂಡಗೆ ಆದಾಗ ಅವನಿಗೆ ಆ ಕೈಯ ಅಳತೆ ಗೊತ್ತಾಗುತ್ತದೆ. ಆಗ ಹೆಸರು ಬರುತ್ತದೆ.

ಬಾಗಿಲು ತೆರೆದ ಮೇಲೆ ಮುನಿಯಮ್ಮ ಏನು ಹೇಳುತ್ತಾಳೆ ಎಂಬುದು ನನಗೆ ಇನ್ನೂ ಗೊತ್ತಿಲ್ಲ. ಕ್ಷಮಿಸುತ್ತಾಳೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳುವುದಿಲ್ಲ. ಅವಳಿಗೆ ಒಂದು ಪೂರ್ತಿ ಕಂತು ಕೊಡುತ್ತೇನೆ, ಅವಳೇ ಮಾತಾಡಲಿ.

ಹಸಿರುಲೈನ್ ಅಕ್ಕ, ನಿಮ್ಮ ಮಾತನ್ನು ತುಂಬ ಯೋಚಿಸಿದೆ. ನಂಜುಂಡ ಬದುಕುವುದಿಲ್ಲ. ಆದರೆ ಬಾಗಿಲು ತೆರೆಯುತ್ತದೆ. ವಾಸಂತಿ ಒಬ್ಬಳೇ ನಿಂತಿರುವ ಹಾಗೆ ಕಥೆ ಮುಗಿಸುವುದಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ಹಸಿರುಲೈನ್ ಓದುಗಿ

ಬಳೆ ಚೂರಿನ ಮಾತು ಓದಿ ಎದೆ ಹಿಂಡಿದಂತಾಯಿತು. ಆ ಹುಡುಗಿ ನನಗೂ ನೆನಪಿಗೆ ಬಂದಿರಲಿಲ್ಲ ನೋಡಿ, ಅಷ್ಟು ಕಂತು ಓದಿದ್ದೇನೆ.

ಸರಿ ಅಮ್ಮಾ, ಹಾಗೇ ಬರೆಯಿರಿ. ನನಗೆ ಬೇಜಾರಿಲ್ಲ ಅಂತ ಸುಳ್ಳು ಹೇಳುವುದಿಲ್ಲ, ನಂಜುಂಡ ಉಳಿಯಬೇಕಿತ್ತು. ಒಂದೇ ಒಂದು ಕೋರಿಕೆ. ಮುನಿಯಮ್ಮನ ಕಂತನ್ನು ವಾರದ ದಿನ ಹಾಕಬೇಡಿ, ಶನಿವಾರ ರಾತ್ರಿ ಹಾಕಿ. ಅದನ್ನು ಮನೆಯಲ್ಲಿ ಕೂತು ಓದುತ್ತೇನೆ.